ಯಾಜಕಕಾಂಡದಲ್ಲಿ ನಿಂತುಹೋದ ಓದು

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾನು ಆಸ್ಪತ್ರೆಯಲ್ಲಿ ನರ್ಸ್. ತಿಂಗಳಲ್ಲಿ ಹತ್ತು ಹನ್ನೆರಡು ದಿನ ರಾತ್ರಿ ಪಾಳಿ. ವರ್ಷದೊಳಗೆ ಸತ್ಯವೇದ (ಬೈಬಲ್) ಓದಿ ಮುಗಿಸಬೇಕೆಂದು ಪ್ರತಿ ಜನವರಿಯಲ್ಲಿ ಆರಂಭಿಸುತ್ತೇನೆ, ಯಾಜಕಕಾಂಡಕ್ಕೆ ಬಂದು ನಿಲ್ಲುತ್ತೇನೆ. ಮೊಣಕಾಲೂರಿದರೆ ನಿದ್ದೆ ಬರುತ್ತದೆ. ಬೆಳಗಿನ ಜಾವ ಎದ್ದು ಪ್ರಾರ್ಥಿಸದವರಿಗೆ ದೇವರೊಂದಿಗೆ ಅನ್ಯೋನ್ಯತೆ ಬೆಳೆಯುವುದಿಲ್ಲ ಎಂದು ಸಭೆಯಲ್ಲಿ ಹಿರಿಯರು ಹೇಳುತ್ತಾರೆ. ನಾನೇನು ಮಾಡಲಿ?

ಉತ್ತರ: ತಂಗೀ, ಮೊದಲು ಲೆಕ್ಕ ನೋಡೋಣ. ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರಕ್ಕಿಂತ ತುಸು ಹೆಚ್ಚು ಓದಬೇಕು. ಆದಿಕಾಂಡದ 50, ವಿಮೋಚನಕಾಂಡದ 40 ಅಧ್ಯಾಯಗಳು ಮುಗಿಯುವ ಹೊತ್ತಿಗೆ ಜನವರಿಯ ಕೊನೆಯ ವಾರ ಬಂದಿರುತ್ತದೆ. ಹೊಸ ವರ್ಷದ ಹುರುಪು ಇಳಿಯುವುದೂ ಆಗಲೇ, ಯಾಜಕಕಾಂಡದ ಹೋಮ, ಬಲಿಗಳ ವಿಧಿಗಳು ಎದುರಾಗುವುದೂ ಆಗಲೇ. ಅಲ್ಲಿ ಮುಗ್ಗರಿಸಿದವರು ನೀವೊಬ್ಬರೇ ಅಲ್ಲ. ಆ ಪಟ್ಟಿಯನ್ನು ಈ ವರ್ಷ ಪಕ್ಕಕ್ಕಿಡಿ. ಯಾಜಕಕಾಂಡ ಎಲ್ಲಿಗೂ ಓಡಿಹೋಗುವುದಿಲ್ಲ.

ಇನ್ನು ಬೆಳಗಿನ ಜಾವದ ಮಾತು. ಹಿರಿಯರು ಆಧಾರವಾಗಿ ಕೊಡುವುದು ಸಾಮಾನ್ಯವಾಗಿ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯವನ್ನು. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನು ಎಂದು ಅಲ್ಲಿದೆ, ನಿಜ. ಆದರೆ ಲೂಕನ ಆರನೆಯ ಅಧ್ಯಾಯದಲ್ಲಿ ಆತನು ರಾತ್ರಿಯೆಲ್ಲಾ ಪ್ರಾರ್ಥಿಸಿದನು. ದಾನಿಯೇಲನು ದಿನಕ್ಕೆ ಮೂರು ಸಾರಿ ಮೊಣಕಾಲೂರಿದನು. ಗಡಿಯಾರದ ಯಾವುದೋ ಒಂದು ಮುಳ್ಳಿಗೆ ದೇವರನ್ನು ಕಟ್ಟಿಹಾಕುವ ಹಟ ನಮ್ಮದು, ಸತ್ಯವೇದದ್ದಲ್ಲ. ರಾತ್ರಿಯೆಲ್ಲಾ ರೋಗಿಗಳ ಬಳಿ ನಿಂತು ಬಂದವರಿಗೆ ಬೆಳಗಿನ ಐದು ಗಂಟೆಯ ಜಾಗರಣೆ ಬೋಧಿಸುವುದು ನನಗಂತೂ ಸರಿಕಾಣುವುದಿಲ್ಲ.

ನಿದ್ದೆಯ ಬಗ್ಗೆ ಅಂಜಬೇಡಿ. ಸೆಮಿನರಿಯಲ್ಲಿದ್ದಾಗ ಮೊಣಕಾಲೂರಿದಲ್ಲೇ ನಿದ್ದೆಹೋಗಿ, ಗಂಟೆ ಬಾರಿಸಿದ ಕೂಡಲೇ ‘ಆಮೆನ್’ ಎಂದು ಎದ್ದವನು ನಾನು. ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ ಓದಿ. ಸಾಯುವುದೇ ಲೇಸು ಎಂದು ಜಾಲಿಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ಎರಡು ಸಾರಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು, ನಡುವೆ ಮಲಗಲು ಬಿಟ್ಟನು. ಹೋರೇಬ್ ಬೆಟ್ಟದಲ್ಲಿ ದೇವರ ಮೆಲ್ಲನೆಯ ಸ್ವರ ಬಂದದ್ದು ಆಮೇಲೆ. ಪಾಳಿ ಮುಗಿಸಿ ಬಂದ ದಿನ ಉಂಡು ಮಲಗಿ.

ಆದರೆ ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಸತ್ಯವೇದದ ಕೀರ್ತನೆಗಳಲ್ಲಿ ನಿಮಗೇ ಬರೆದಂತಿರುವ ಒಂದು ಇದೆ, 134ನೆಯದು. ಮೂರೇ ವಚನ. ರಾತ್ರಿ ವೇಳೆಯಲ್ಲಿ ಯೆಹೋವನ ಆಲಯದಲ್ಲಿ ನಿಂತು ಸೇವೆ ಮಾಡುವವರನ್ನು ಕುರಿತದ್ದು, ಅಂದರೆ ದೇವಾಲಯದ ರಾತ್ರಿ ಪಾಳಿಯವರ ಹಾಡು! ಅದನ್ನು ಬಾಯಿಪಾಠ ಮಾಡಿ, ಪಾಳಿಗೆ ಹೊರಡುವಾಗ ಬಸ್ಸಿನಲ್ಲಿ ಹೇಳಿಕೊಳ್ಳಿ. ಬೆಳಕು ಹರಿಯುವ ಮುಂಚಿನ ಆ ಉದ್ದದ ಗಂಟೆಗಳಿಗೆ 130ನೆಯ ಕೀರ್ತನೆ. ಕಾವಲುಗಾರರು ಬೆಳಗಾಗುವುದನ್ನು ಎದುರುನೋಡುವುದೆಂದರೆ ಏನೆಂದು ನಿಮಗೆ ನಾನು ವಿವರಿಸಬೇಕಿಲ್ಲ, ನೀವೇ ನನಗೆ ಹೇಳಬಲ್ಲಿರಿ.

ಮೊದಲನೆಯ ಕೀರ್ತನೆಯಲ್ಲಿ ‘ಹಗಲಿರುಳು ಧ್ಯಾನಿಸುವವನು’ ಎಂದಿರುವಲ್ಲಿ ಇಬ್ರಿಯ ಭಾಷೆಯ ಪದ ‘ಹಾಗಾ’. ಕಣ್ಣುಮುಚ್ಚಿ ಕೂರುವುದಲ್ಲ, ಬಾಯೊಳಗೇ ಗುನುಗುವುದು. ಪಾರಿವಾಳದ ಕೂಗಿಗೂ ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಯೆಶಾಯನು ಇದೇ ಪದ ಬಳಸುತ್ತಾನೆ. ಒಂದು ವಾರ್ಡಿನಿಂದ ಇನ್ನೊಂದಕ್ಕೆ ನಡೆಯುತ್ತಾ ಒಂದು ವಚನ ಗುನುಗಿದರೆ ಅದೂ ಧ್ಯಾನವೇ. ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದ ಅಡುಗೆಮನೆಯಲ್ಲಿ ದುಡಿದ ಬ್ರದರ್ ಲಾರೆನ್ಸ್, ಪಾತ್ರೆಗಳ ಗದ್ದಲದ ನಡುವೆಯೇ ದೇವರ ಸನ್ನಿಧಿಯ ಅಭ್ಯಾಸ ಮಾಡಿಕೊಂಡರು. ಅವರಿಗೂ ಅದು ಒಂದು ವಾರದಲ್ಲಿ ಕೈಗೂಡಲಿಲ್ಲ, ವರ್ಷಗಳೇ ಹಿಡಿದವು.

ರಜೆಯ ದಿನ ಮಾತ್ರ ಬಾಗಿಲು ಹಾಕಿ, ಮೊಬೈಲನ್ನು ಹೊರಗಿಟ್ಟು, ಮಾರ್ಕನ ಸುವಾರ್ತೆಯನ್ನು ಸಾವಕಾಶವಾಗಿ ಓದಿ. ಹದಿನಾರೇ ಅಧ್ಯಾಯ. ಒಂದು ವಚನದಲ್ಲಿ ಮನಸ್ಸು ನಿಂತರೆ ಮುಂದಕ್ಕೆ ಹೋಗಬೇಡಿ.

ಪ್ರಶ್ನೆ: ತಂದೆ ತೀರಿಕೊಂಡ ಮೇಲೆ ಪ್ರಾರ್ಥನೆ ತಾರಸಿಗೆ ತಾಗಿ ಹಿಂದಿರುಗಿದಂತೆ ಅನಿಸುತ್ತದೆ. ದೇವರ ಮೇಲೆ ಸಿಟ್ಟಿದೆ. ಹೀಗಿರುವಾಗ ಸ್ತೋತ್ರ ಹೇಳಿದರೆ ಅದು ಕಪಟವಲ್ಲವೇ?

ಉತ್ತರ: ಹೇಳಬೇಡಿ. ಸಿಟ್ಟನ್ನೇ ಹೇಳಿ. 150 ಕೀರ್ತನೆಗಳಲ್ಲಿ ಸ್ತುತಿಗಿಂತ ಮೊರೆ, ದೂರುಗಳೇ ಹೆಚ್ಚು. 13ನೆಯದು ‘ಎಷ್ಟರವರೆಗೆ’ ಎಂದು ನಾಲ್ಕು ಬಾರಿ ಕೇಳುತ್ತದೆ. ಅದು ಕೊನೆಗೆ ಸ್ತುತಿಗೆ ತಿರುಗುತ್ತದೆ, 88ನೆಯದು ತಿರುಗುವುದೂ ಇಲ್ಲ. ಮೂಲದಲ್ಲಿ ಅದರ ಕಟ್ಟಕಡೆಯ ಪದವೇ ‘ಕತ್ತಲೆ’. ಆದರೂ ಅದು ಶುರುವಾಗುವುದು ‘ನನ್ನನ್ನು ರಕ್ಷಿಸುವ ದೇವರೇ’ ಎಂಬ ಕರೆಯಿಂದ. ಬೆನ್ನು ತಿರುಗಿಸಿ ಹೋಗುವುದಕ್ಕೂ ಎದುರು ನಿಂತು ಜಗಳವಾಡುವುದಕ್ಕೂ ವ್ಯತ್ಯಾಸವಿದೆ. ಮನೆಯವರೊಡನೆ ಮಾತ್ರ ನಾವು ಹಾಗೆ ಜಗಳವಾಡುತ್ತೇವೆ. ದಿನಕ್ಕೊಮ್ಮೆ 88ನೆಯದನ್ನು ಗಟ್ಟಿಯಾಗಿ ಓದಿ, ಸಾಕು. ಭಾನುವಾರ ಎಲ್ಲರೂ ಹಾಡುವಾಗ ಸುಮ್ಮನೆ ನಿಂತಿರಿ, ನಿಮ್ಮ ಪಾಲಿನದನ್ನು ಸ್ವಲ್ಪ ಕಾಲ ಉಳಿದವರು ಹಾಡಲಿ. ನಿದ್ದೆ, ಊಟ ಎರಡೂ ತಿಂಗಳುಗಟ್ಟಲೆ ಕೆಟ್ಟಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಬೇಕು. ಅದು ಅವಿಶ್ವಾಸವಲ್ಲ.

ಪ್ರಶ್ನೆ: ನಮ್ಮದು ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಒಬ್ಬಳೇ ಪ್ರಾರ್ಥಿಸುವಾಗಲೂ ಚರ್ಚಿನ ಕನ್ನಡವೇ ಬರುತ್ತದೆ, ಭಾಷಣ ಮಾಡಿದಂತೆ ಅನಿಸುತ್ತದೆ. ತುಳುವಿನಲ್ಲಿ ಪ್ರಾರ್ಥಿಸಬಹುದೇ?

ಉತ್ತರ: ಇದಕ್ಕೂ ಅಪ್ಪಣೆ ಬೇಕೇ ತಾಯೀ? 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರೇ ಕನ್ನಡವಿದೆಯಲ್ಲ ಎಂದು ಸುಮ್ಮನಿರದೆ, 1847ರಲ್ಲಿ ಹೊಸ ಒಡಂಬಡಿಕೆಯನ್ನು ತುಳುವಿಗೆ ತಂದರು. ಗೆತ್ಸೇಮನೆ ತೋಟದಲ್ಲಿ ಯೇಸು ಪ್ರಾರ್ಥಿಸಿದಾಗ ಬಾಯಿಗೆ ಬಂದದ್ದು ಮನೆಮಾತಾದ ಅರಮಾಯದ ‘ಅಬ್ಬಾ’. ನಮ್ಮ ಕನ್ನಡ ಸತ್ಯವೇದ ಅದನ್ನು ‘ಅಪ್ಪಾ, ತಂದೆಯೇ’ ಎಂದಿತು. ತುಳುವಿನಲ್ಲಿ ‘ಅಪ್ಪೆ’ ಎಂದರೆ ತಾಯಿ, ‘ಅಮ್ಮೆ’ ಎಂದರೆ ತಂದೆ ಎಂದು ಕನ್ನಡಿಗರು ಬೆರಗಾಗುವುದುಂಟು. ನೀವು ಇವತ್ತು ರಾತ್ರಿ ‘ಅಮ್ಮೆ’ ಎಂದೇ ಕರೆಯಿರಿ. ಮುಂದಿನ ಮಾತು ತಾನಾಗಿ ಬರುತ್ತದೆ.