ಹಳೆಯ ಮಾಜ್ದಾ ಎಂಎಕ್ಸ್-5 ಕಾರಿನ ಹಿಂಭಾಗದಲ್ಲಿ ಕಟಕಟ ಸದ್ದು: ಎಲ್ಲಿಂದ ಹುಡುಕಬೇಕು?

ಮೊದಲು ಡಿಕ್ಕಿಯನ್ನು ಪೂರ್ತಿ ಖಾಲಿ ಮಾಡಿ. ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಎಲ್ಲವನ್ನೂ ಇಳಿಸಿಟ್ಟು ಒಂದು ಸುತ್ತು ಹೋಗಿ ಬನ್ನಿ. ನಗಬೇಡಿ, ಎರಡು ವಾರ ಸಸ್ಪೆನ್ಷನ್ ತಡಕಾಡಿ, ಕೊನೆಗೆ ಕ್ಲಿಪ್ಪಿನಿಂದ ಜಾರಿದ್ದ ಜಾಕ್ ಕಂಡು ಪೆಚ್ಚಾದವನು ನಾನು. ಚಕ್ರದ ನಟ್‌ಗಳೂ ಬಿಗಿಯಾಗಿರಲಿ.

ಆಮೇಲೂ ಸದ್ದು ಉಳಿದರೆ, ಅದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿ. ಗುಂಡಿ, ಹಂಪ್ ದಾಟುವಾಗ ಮಾತ್ರ ಬಂದರೆ ನನ್ನ ಮೊದಲ ಅನುಮಾನ ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ತಡೆಯುವ ಕಂಬಿಯಾದ ಸ್ಟೆಬಿಲೈಸರ್ ಬಾರಿನ ಲಿಂಕ್‌ಗಳ ಮೇಲೆ. ಎರಡೂ ಬದಿಯ ಲಿಂಕ್ ಕಳಚಿ, ಬಾರನ್ನು ಅಲುಗದಂತೆ ಕಟ್ಟಿ, ನಿಧಾನವಾಗಿ ಓಡಿಸಿ. ಸದ್ದು ನಿಂತರೆ ಕಳ್ಳ ಸಿಕ್ಕ ಹಾಗೆ. ಇತ್ತೀಚೆಗೆ ಶಾಕ್ ಅಬ್ಸಾರ್ಬರ್ ಬದಲಿಸಿದ್ದರೆ ಮಾತ್ರ ಅದರ ಮೇಲ್ತುದಿಯ ನಟ್ಟನ್ನೂ ರಬ್ಬರ್ ಬುಷ್ಷನ್ನೂ ಮೊದಲು ನೋಡಿ.

ಕ್ಲಚ್ ಬಿಟ್ಟಾಗಲೋ ಆಕ್ಸಿಲರೇಟರಿನಿಂದ ಕಾಲು ತೆಗೆದಾಗಲೋ ಒಂದೇ ಸಲ ‘ಧಡಕ್’ ಎಂದರೆ ಕಥೆ ಬೇರೆ. ಈ ಕಾರಿನಲ್ಲಿ ಗೇರ್‌ಬಾಕ್ಸಿನಿಂದ ಎಂಜಿನ್ನಿನ ಬಲವನ್ನು ಎರಡೂ ಹಿಂಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್‌ವರೆಗೆ ಅಲ್ಯೂಮಿನಿಯಂನ ಉದ್ದ ಚೌಕಟ್ಟೊಂದಿದೆ. ಅದರ ಬೋಲ್ಟ್ ಸಡಿಲವಾದರೂ, ಡಿಫರೆನ್ಷಿಯಲ್ ಹಿಡಿದಿರುವ ರಬ್ಬರ್ ಸೀಳಿದರೂ ಹೀಗೆ ಬಡಿಯುತ್ತದೆ. ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ (ಬರೀ ಜಾಕ್ ನಂಬಿ ಅಡಿಗೆ ನುಗ್ಗಬೇಡಿ), ಸಲಾಕೆಯಿಂದ ಮೀಟಿ ನೋಡಿ. ಹರಿದ ರಬ್ಬರ್ ಬಾಯಿಬಿಡುವುದು ಕಣ್ಣಿಗೇ ಕಾಣುತ್ತದೆ.

ರಿವರ್ಸ್ ಬಂದ ನಂತರದ ಮೊದಲ ಬ್ರೇಕಿಗೆ ಮಾತ್ರ ಸಣ್ಣ ‘ಟಕ್’ ಕೇಳಿದರೆ, ಬಹುಪಾಲು ಅದು ಬ್ರೇಕ್ ಪ್ಯಾಡ್ ತನ್ನ ಜಾಗದಲ್ಲಿ ಜರುಗುವ ಸದ್ದು.