ಚಪ್ಪಾಳೆ ಎಲ್ಲಿ, ಆಸನ ಎಲ್ಲಿ?

ಪ್ರಶ್ನೆ: ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಧ್ವನಿಮುದ್ರಿಕೆಗಳಲ್ಲಷ್ಟೇ ಕೇಳಿರುವ ನಾನು ಮೊದಲ ಬಾರಿಗೆ ಒಂದು ಸಿಂಫನಿ ಕಛೇರಿಗೂ, ಅನಂತರ ‘ಸ್ವಾನ್ ಲೇಕ್’ ಬ್ಯಾಲೆಗೂ ಹೋಗಲಿದ್ದೇನೆ. ಚಪ್ಪಾಳೆಯನ್ನು ಯಾವಾಗ ತಟ್ಟಬೇಕು? ಬ್ಯಾಲೆಗೆ ಎಲ್ಲಿ ಕುಳಿತರೆ ಚೆನ್ನ?

ಉತ್ತರ: ವಾದ್ಯವೃಂದಕ್ಕಾಗಿ ರಚಿಸಿದ ದೀರ್ಘ ಕೃತಿಯಾದ ಸಿಂಫನಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗಗಳಿರುತ್ತವೆ, ಒಂದು ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಮೌನದಲ್ಲಿ ಚಪ್ಪಾಳೆ ತಟ್ಟದಿರುವುದು ಇಂದಿನ ರೂಢಿ. ಆದರೆ ಇದು ಸಂಗೀತದಷ್ಟು ಹಳೆಯ ನಿಯಮವಲ್ಲ. 1778ರಲ್ಲಿ ಪ್ಯಾರಿಸ್ಸಿನಲ್ಲಿ ತನ್ನ ಹೊಸ ಸಿಂಫನಿಯ ಮೊದಲ ಭಾಗ ನಡೆಯುತ್ತಿರುವಾಗಲೇ ಸಭಿಕರು ಚಪ್ಪಾಳೆ ತಟ್ಟಿದ್ದನ್ನು ಮೊಜಾರ್ಟ್ ತನ್ನ ತಂದೆಗೆ ಹಿಗ್ಗಿನಿಂದಲೇ ಬರೆದು ತಿಳಿಸಿದ್ದ. 1813ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ನನ ಏಳನೆಯ ಸಿಂಫನಿ ಮೊದಲು ಪ್ರದರ್ಶನಗೊಂಡಾಗ ಜನರ ಒತ್ತಾಯಕ್ಕೆ ಮಣಿದು ಎರಡನೆಯ ಭಾಗವನ್ನು ಮತ್ತೊಮ್ಮೆ ನುಡಿಸಬೇಕಾಯಿತು. ಇಡೀ ಕೃತಿಯನ್ನು ಅಖಂಡವಾಗಿ ಕೇಳಬೇಕೆಂಬ ಭಾವನೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಲಗೊಂಡು, ಮೌನವು ಶಿಷ್ಟಾಚಾರವಾದದ್ದು ಆಮೇಲೆ. ಆದ್ದರಿಂದ ಅರಿಯದೆ ಕೈತಟ್ಟಿದವರತ್ತ ತಿರುಗಿ ದುರುಗುಟ್ಟುವವರ ಗತ್ತು ನನಗೆ ತುಸು ಅತಿಯೆನಿಸುತ್ತದೆ.

ಭಾಗಗಳನ್ನು ಎಣಿಸುತ್ತ ಕೂರುವುದಕ್ಕಿಂತ ವೃಂದವನ್ನು ನಡೆಸುವವರ ಕೈಗಳನ್ನು ಗಮನಿಸುವುದು ಸುಲಭ: ಅವು ಪೂರ್ತಿ ಕೆಳಗಿಳಿದು, ಅವರು ಸಭೆಯತ್ತ ತಿರುಗುವವರೆಗೆ ಕಾಯಿರಿ. ಚೈಕೋವ್‌ಸ್ಕಿಯ ಆರನೆಯ ಸಿಂಫನಿಯಲ್ಲಂತೂ ಈ ಎಚ್ಚರ ಬೇಕೇ ಬೇಕು. ಅದರ ಮೂರನೆಯ ಭಾಗ ಇಡೀ ಕೃತಿಯೇ ಮುಗಿಯಿತೆಂಬ ಆರ್ಭಟದಲ್ಲಿ ನಿಲ್ಲುತ್ತದೆ, ಆದರೆ ನಿಧಾನಗತಿಯ, ಶೋಕಭರಿತವಾದ ಕೊನೆಯ ಭಾಗ ಇನ್ನೂ ಬಾಕಿ ಇರುತ್ತದೆ.

ಬ್ಯಾಲೆಯಲ್ಲಿ ಇಷ್ಟು ಬಿಗಿಯಿಲ್ಲ. ಏಕವ್ಯಕ್ತಿ ನೃತ್ಯವೋ ಜೋಡಿ ನೃತ್ಯವೋ ಮುಗಿದಾಗ ಕಲಾವಿದರು ಮುಂದೆ ಬಂದು ವಂದಿಸುತ್ತಾರೆ. ಆಗ ಧಾರಾಳವಾಗಿ ಚಪ್ಪಾಳೆ ತಟ್ಟಬಹುದು. ‘ಸ್ವಾನ್ ಲೇಕ್’ನ ಮೂರನೆಯ ಅಂಕದಲ್ಲಿ ಕಪ್ಪು ಹಂಸದ ಪಾತ್ರಧಾರಿಣಿ ಒಂಟಿ ಕಾಲಿನ ತುದಿಯ ಮೇಲೆ ನಿಂತು, ಇನ್ನೊಂದು ಕಾಲನ್ನು ಬೀಸುತ್ತ 32 ಸುತ್ತು ತಿರುಗುವ ಪರಿಪಾಠ 1895ರ ಪೀಟರ್ಸ್‌ಬರ್ಗ್ ಪ್ರಯೋಗದಲ್ಲಿ ನರ್ತಕಿ ಪಿಯೆರಿನಾ ಲೆನ್ಯಾನಿಯಿಂದ ಬಂದದ್ದು. ಆ ಸುತ್ತುಗಳು ಮುಗಿಯುವ ಮುನ್ನವೇ ಸಭಾಂಗಣ ಚಪ್ಪಾಳೆಯಿಂದ ತುಂಬಿದರೆ ಯಾರೂ ತಪ್ಪೆಣಿಸುವುದಿಲ್ಲ.

ಆಸನದ ವಿಷಯದಲ್ಲಿ ನನ್ನ ಒಲವು ಮೊದಲ ಬಾಲ್ಕನಿಯ ನಡುಭಾಗದ ಕಡೆಗೆ. ತೀರ ಮುಂದಿನ ಸಾಲಿನಿಂದ ಮುಖಭಾವ ಸ್ಪಷ್ಟವಾಗಿ ಕಂಡರೂ ವೇದಿಕೆ ಎತ್ತರವಾಗಿದ್ದರೆ ಪಾದಗಳು ಮರೆಯಾಗುತ್ತವೆ. ಎರಡನೆಯ ಅಂಕದಲ್ಲಿ ಹಂಸಗಳ ಸಮೂಹ ಸಾಲುಗಟ್ಟಿ, ಸಾಲು ಮುರಿದು ರಚಿಸುವ ವಿನ್ಯಾಸಗಳ ಸೊಗಸು ಮೇಲಿನಿಂದ ನೋಡಿದವರಿಗೇ ಪೂರ್ತಿ ದಕ್ಕುವುದು. ಅಂಚಿನ ಆಸನ ಅಗ್ಗವಾಗಿ ಸಿಕ್ಕರೂ ವೇದಿಕೆಯ ಒಂದು ಮೂಲೆ ಕಾಣದೆ ಹೋಗಬಹುದಾದ್ದರಿಂದ, ಟಿಕೆಟ್ ಕೊಳ್ಳುವ ಮೊದಲು ಆಸನಗಳ ನಕ್ಷೆಯನ್ನು ನೋಡಿಕೊಳ್ಳಿ.