ಬಾಯಿ ಕಟ್ಟಿದ್ದು ಎಲ್ಲಿ?

ಓದುಗರೊಬ್ಬರ ಪತ್ರ: “ಚರ್ಚಾ ಸ್ಪರ್ಧೆಯ ಫೈನಲ್‌ನಲ್ಲಿ ಎದುರಾಳಿ ಅಡ್ಡಪ್ರಶ್ನೆ ಹಾಕಿದಾಗ ಬಾಯಿ ಕಟ್ಟಿಹೋಯಿತು. ಅರ್ಧಕ್ಕೇ ವೇದಿಕೆ ಇಳಿದು ಬಂದೆ. ಯಾರೋ ತೆಗೆದ ವಿಡಿಯೊ ಎಲ್ಲರ ಮೊಬೈಲ್‌ನಲ್ಲೂ ಓಡಾಡುತ್ತಿದೆ. ಒಂದು ವರ್ಷ ಸುಮ್ಮನಿರು ಅಂತಾರೆ ಗೆಳೆಯರು. ಮತ್ತೆ ನಿಲ್ಲುವ ಛಲ ಎಲ್ಲಿಂದ ತರಲಿ?”

ಸಂಪಾದಕರ ಉತ್ತರ:

ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಮನಸ್ಸು ದಣಿದಾಗ ವಿರಾಮ ಬೇಕು. ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಟೋಕಿಯೊ ಒಲಿಂಪಿಕ್ಸ್‌ನ ನಡುವೆಯೇ ಹಿಂದೆ ಸರಿದರು, 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ಆದರೆ ವರ್ಷವಿಡೀ ಅಡಗಿ ಕೂತರೆ ಆ ವಿಡಿಯೊ ನಿಮ್ಮ ತಲೆಯೊಳಗೆ ಓಡುತ್ತಲೇ ಇರುತ್ತದೆ.

ನಿಮ್ಮ ಪತ್ರವನ್ನು ಪ್ರೀತಿಯಿಂದ ಓದಿದೆ. ಪುಟಗಟ್ಟಲೆ ಬರೆದಿದ್ದೀರಿ, ಇಲ್ಲಿ ಸಾರ ಮಾತ್ರ ಕೊಟ್ಟಿದ್ದೇನೆ. ಯಾರು ನಕ್ಕರು, ಯಾರು ಮುಖ ತಿರುಗಿಸಿದರು, ಎಲ್ಲ ಇದೆ. ಎದುರಾಳಿ ಕೇಳಿದ ಪ್ರಶ್ನೆ ಏನು ಅನ್ನುವುದು ಮಾತ್ರ ಇಲ್ಲ! ಬೇಜಾರು ಮಾಡ್ಕೋಬೇಡಿ, ನನಗೆ ಮೊದಲು ಬೇಕಾಗಿದ್ದು ಅದೇ.

1979ರ ಆಗಸ್ಟ್ 10. ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ 317 ಸೆಕೆಂಡಿಗೆ ಬಂಗಾಳ ಕೊಲ್ಲಿಗೆ ಬಿತ್ತು. ದೇಶವೇ ನೋಡುತ್ತಿದ್ದ ಸೋಲು. ಯೋಜನೆಯ ನಿರ್ದೇಶಕರು ಅಬ್ದುಲ್ ಕಲಾಂ. ಪತ್ರಕರ್ತರ ಮುಂದೆ ಕೂತು ಹೊಣೆ ಹೊತ್ತವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ರಂದು ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ, ಪತ್ರಕರ್ತರ ಮುಂದೆ ಮಾತಾಡಲು ಕಲಾಂ ಅವರನ್ನೇ ಕಳಿಸಿದರು. ಭಾಷಣಕಾರರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ಮನಸ್ಸು ನಿಲ್ಲುವುದು ನಡುವಿನ ತಿಂಗಳುಗಳಲ್ಲಿ. ರಾಕೆಟ್ ಬಿದ್ದದ್ದು ಕೆಟ್ಟ ಒಂದು ಕವಾಟದಿಂದ (ವಾಲ್ವ್) ಅಂತ ಹುಡುಕಿ ತೆಗೆದರಲ್ಲ, ಅದು ದೊಡ್ಡದು. “ನಮ್ಮ ಕೈಲಾಗಲ್ಲ” ಅಂದುಕೊಂಡಿದ್ದರೆ ರಿಪೇರಿ ಮಾಡೋದಕ್ಕೆ ಏನೂ ಸಿಗುತ್ತಿರಲಿಲ್ಲ. “ಕವಾಟ ಕೆಟ್ಟಿತ್ತು” ಅಂದರೆ ನಾಳೆ ಬೆಳಿಗ್ಗೆಗೆ ಕೆಲಸ ಸಿಗುತ್ತದೆ. ಛಲ ಹುಟ್ಟುವುದು ಆ ಕೆಲಸದಲ್ಲಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ವೇಟ್‌ಲಿಫ್ಟರ್ ಮೀರಾಬಾಯಿ ಚಾನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆರು ಸಲ ಭಾರ ಎತ್ತಲು ಹೋಗಿ ಒಮ್ಮೆ ಮಾತ್ರ ಗೆದ್ದರು. ಫಲಿತಾಂಶದ ಪಟ್ಟಿಯಲ್ಲಿ ಸ್ಥಾನವೇ ಇಲ್ಲ. ಮರುವರ್ಷ 194 ಕೆಜಿ ಎತ್ತಿ ವಿಶ್ವ ಚಾಂಪಿಯನ್ ಆದರು. ಟೋಕಿಯೊದಲ್ಲಿ 202 ಕೆಜಿ, ಬೆಳ್ಳಿ. ಕಬ್ಬಿಣದ ತೂಕ ಯಾರ ನಗುವಿಗೂ ಹೆಚ್ಚು ಕಡಿಮೆ ಆಗಲ್ಲ, ಅಲ್ವಾ?

ಸ್ಪರ್ಧೆ ನಡೆಸುವವರ ಮೇಲೆ ನನಗೆ ಸಿಟ್ಟಿದೆ. ಗೆದ್ದವರಿಗೆ ಹಾರ, ಫೋಟೊ. ಸೋತು ಇಳಿದವರ ಹೆಗಲ ಮೇಲೆ ಕೈಯಿಟ್ಟು “ಎಲ್ಲಿ ತಪ್ಪಿತು, ಬಾ ನೋಡೋಣ” ಅನ್ನಲು ತೀರ್ಪುಗಾರರಿಗೆ ಐದು ನಿಮಿಷ ಸಿಗುವುದಿಲ್ಲ. ಮೊಬೈಲ್ ಎತ್ತುವ ಕೈಗಳಿಗೆ ಬರವಿಲ್ಲ. ಧವನ್ ಥರ ಮುಂದೆ ಬಂದು ನಿಲ್ಲುವ ಹಿರಿಯರು ಕಡಿಮೆ, ಸ್ಫೂರ್ತಿ ಭಾಷಣ ಬಿಗಿಯುವವರು ಜಾಸ್ತಿ. ಸೋತವರ ಕಥೆ ಅವರಿಗೆ ಬೇಕಾಗುವುದು ಸೋತವರು ಗೆದ್ದ ಮೇಲೆ!

ಈಗ ಆ ವಿಡಿಯೊವನ್ನು ನಿಮಗೆ ನಂಬಿಕೆಯಿರುವ ಒಬ್ಬರ ಜೊತೆ ಕೂತು ಒಮ್ಮೆ ನೋಡಿ. ಪ್ರಶ್ನೆ ಗೊತ್ತಿಲ್ಲದ ವಿಷಯದ್ದಾ? ಬಾಯಿಪಾಠ ಕೈಕೊಟ್ಟಿತಾ? ಬಾಯಿಪಾಠವಾದರೆ, ಸುಮ್ಮನಿರು ಅಂದ ಗೆಳೆಯರನ್ನೇ ಎದುರು ಕೂರಿಸಿಕೊಳ್ಳಿ. ದಿನಾ ಅಡ್ಡಪ್ರಶ್ನೆ ಹಾಕಲಿ, ನಡುವೆ ಬಾಯಿ ಹಾಕಲಿ. ಮುಂದಿನ ಸ್ಪರ್ಧೆಗೆ ಹೆಸರು ಕೊಡಿ. ಆ ಪ್ರಶ್ನೆ ಏನಿತ್ತು ಅಂತ ನನಗೂ ಬರೆಯಿರಿ.